ಸ್ಟೆಪ್ನಿ ಮತ್ತು ಬೆಲ್ಟು: ಅಂಗಳದಲ್ಲೇ ಕಲಿಯಬೇಕಾದ ಎರಡು ಕೆಲಸ

ನಮ್ಮದು ಮೂರೆಕರೆ ಅಡಿಕೆ ತೋಟ. ಮನೆಯಿಂದ ಡಾಮರು ರಸ್ತೆಗೆ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ, ಅದರಲ್ಲಿ ಅರ್ಧವೂ ಏರು. ಏಳು ವರ್ಷದ ಹಿಂದೆ ಒಂದು ಹಳೆ ಕಾರು ಕೊಂಡೆ. ಸೊಸೈಟಿಗೆ, ಅಡಿಕೆ ಮಾರಲು, ಆಸ್ಪತ್ರೆಗೆ, ಮದುವೆ ಮುಂಜಿಗೆ ಎಲ್ಲದಕ್ಕೂ ಅದೇ. ಡ್ರೈವಿಂಗ್ ಕಲಿಸಿದವರು ಗೇರು, ಕ್ಲಚ್ಚು, ಎಂಟು ಹಾಕುವುದು ಎಲ್ಲ ಕಲಿಸಿದ್ದರು. ಚಕ್ರ ಬದಲಿಸುವುದನ್ನು ಕಲಿಸಲಿಲ್ಲ. ಬೆಲ್ಟು ಹಾಕಲು ಹೇಳಿದ್ದರು, ಯಾಕೆಂದು ಹೇಳಲಿಲ್ಲ. ಎರಡನ್ನೂ ನಾನು ಪೆಟ್ಟು ತಿಂದೇ ಕಲಿತದ್ದು. ನಿಮಗೆ ಆ ಪೆಟ್ಟು ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ಕಾರು ಬಿದ್ದ ದಿನ

ಎರಡು ವರ್ಷದ ಹಿಂದಿನ ಜುಲೈ. ಹಿಂದೆ ಎರಡು ಮೂಟೆ ಚಾಲಿ ಅಡಿಕೆ ಹೇರಿಕೊಂಡು ಮಗನೊಟ್ಟಿಗೆ ಪೇಟೆಗೆ ಹೊರಟಿದ್ದೆ. ನಮ್ಮ ಏರಿನಲ್ಲೇ ಎದುರಿನ ಎಡಚಕ್ರದ ಗಾಳಿ ಹೋಯಿತು. ಮಳೆ ಬಿಟ್ಟಿತ್ತು, ಮಣ್ಣು ಮಾತ್ರ ಒದ್ದೆ. ಅಲ್ಲೇ ಜಾಕ್ ಇಟ್ಟು ಕಾರು ಎತ್ತಿದೆ. ಎತ್ತಿದ ಮೇಲೆ ನಟ್ಟು ಬಿಚ್ಚಲು ಹೋದರೆ ಜಪ್ಪಯ್ಯ ಎಂದರೂ ಬರಲಿಲ್ಲ. ಪಾನೆಯ ಮೇಲೆ ಕಾಲಿಟ್ಟು ಮೆಟ್ಟಿದೆ. ಕಾರು ಅಲುಗಾಡುತ್ತಿತ್ತು, ಆದರೂ ನಾಲ್ಕೂ ನಟ್ಟು ಬಂತು. ಮಗ ಚಕ್ರ ಎಳೆದು ಬದಿಗಿಟ್ಟು, ಸ್ಟೆಪ್ನಿ ಸಿಕ್ಕಿಸಲು ಕೈ ಹಾಕಿದ್ದಷ್ಟೆ. ಜಾಕು ಓರೆಯಾದದ್ದು ನನಗೆ ಕಂಡಿತು. ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆಳೆದೆ. ಕಾರು ಧೊಪ್ಪನೆ ಕೂತಿತು.

ಹೆಬ್ಬೆರಳಿನ ಉಗುರು ಮಾತ್ರ ಹೋಯಿತು. ‘ಮಾತ್ರ’ ಎಂದು ಈಗ ಬರೆಯುತ್ತಿದ್ದೇನೆ. ಆ ದಿನ ಅವನ ಕೈಗೆ ಬಟ್ಟೆ ಸುತ್ತುವಾಗ ನನ್ನ ಕೈಯೇ ನಿಲ್ಲುತ್ತಿರಲಿಲ್ಲ.

ಪೇಟೆಯ ಟಯರ್ ಅಂಗಡಿಯವರು ಎಲ್ಲವನ್ನೂ ಕೇಳಿ, ‘ನೀವು ಮಾಡಿದ್ದರಲ್ಲಿ ಸರಿ ಒಂದೂ ಇಲ್ಲವಲ್ಲ ಮಾರಾಯ್ರೆ’ ಎಂದರು. ಏರಿನಲ್ಲಿ ನಿಲ್ಲಿಸಿದ್ದು, ಮೂಟೆ ಇಳಿಸದಿದ್ದದ್ದು, ಚಕ್ರಕ್ಕೆ ಕಲ್ಲು ಕೊಡದಿದ್ದದ್ದು, ಒದ್ದೆ ಮಣ್ಣಿನ ಮೇಲೆ ಜಾಕ್ ಇಟ್ಟದ್ದು, ಎತ್ತಿದ ಮೇಲೆ ನಟ್ಟಿಗೆ ಬಲ ಹಾಕಿದ್ದು. ಐದು ತಪ್ಪು.

ಕಲ್ಲು ಯಾಕೆ ಬೇಕು?

‘ಹ್ಯಾಂಡ್ ಬ್ರೇಕ್ ಎಳೆದಿದ್ದೆ, ಗೇರಿನಲ್ಲೂ ಇತ್ತು’ ಎಂದು ನಾನು ವಾದಿಸಿದೆ. ಅವರು ವಿವರಿಸಿದ್ದು ಹೀಗೆ: ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಇಂಜಿನ್ ತಿರುಗಿಸುವುದು ಎದುರಿನ ಚಕ್ರಗಳನ್ನು. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಎದುರಿನ ಒಂದು ಚಕ್ರವನ್ನು ಎತ್ತಿದೆವು ಎನ್ನಿ. ಎರಡು ಚಕ್ರಗಳ ನಡುವೆ ಡಿಫರೆನ್ಶಿಯಲ್ ಇರುವ ಕಾರಣ ಗಾಳಿಯಲ್ಲಿರುವ ಚಕ್ರ ತನ್ನಷ್ಟಕ್ಕೇ ತಿರುಗಬಹುದು, ನೆಲದ ಮೇಲಿನದ್ದೂ ಉರುಳಬಹುದು. ಗೇರಿನ ಹಿಡಿತ ಅಲ್ಲಿಗೆ ಮುಗಿಯಿತು. ಮತ್ತೆ ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ. ಅದರ ಕೇಬಲ್ ನನ್ನ ಕಾರಿನಂತೆ ಸಡಿಲವಾಗಿದ್ದರೆ ಆ ಹಿಡಿತವೂ ಅಷ್ಟಕ್ಕಷ್ಟೆ. ಹಿಂದಿನ ಚಕ್ರ ತಿರುಗುವ ಜೀಪು, ಪಿಕಪ್ಪುಗಳಲ್ಲಿ ಹಿಂದಿನ ಚಕ್ರ ಎತ್ತಿದಾಗಲೂ ಗೇರಿನ ಕಥೆ ಇದೇ. ಹಾಗಾಗಿ ಕಲ್ಲು. ಯಾವ ಚಕ್ರ ಎತ್ತುತ್ತೇವೋ ಅದಕ್ಕೆ ಮೂಲೆಗೆ ಮೂಲೆಯಾಗಿರುವ ಚಕ್ರದ ಎರಡೂ ಬದಿಗೆ ಗಟ್ಟಿ ಕಲ್ಲು ಕೊಡಬೇಕು.

ಚಕ್ರ ಬದಲಿಸುವ ಕ್ರಮ

1. ಸಮತಟ್ಟಾದ, ಗಟ್ಟಿ ಜಾಗ ಸಿಗುವವರೆಗೆ ನಿಧಾನಕ್ಕೆ ಮುಂದೆ ಹೋಗಿ. ಗಾಳಿಯಿಲ್ಲದೆ ಓಡಿಸಿದರೆ ಟಯರು ಹಾಳಾದೀತು. ಆಗಲಿ, ಟಯರು ದುಡ್ಡಿಗೆ ಸಿಗುತ್ತದೆ. ತಿರುವಿನಲ್ಲಂತೂ ನಿಲ್ಲಿಸಲೇಬೇಡಿ.

2. ಎಲ್ಲರನ್ನೂ ಇಳಿಸಿ ರಸ್ತೆಯಿಂದ ಆಚೆ ನಿಲ್ಲಿಸಿ. ಮೂಟೆಯನ್ನೂ ಇಳಿಸಿ. ನಾಲ್ಕೂ ಇಂಡಿಕೇಟರ್ ಮಿನುಗಲಿ. ಕಾರಿನೊಟ್ಟಿಗೆ ಬರುವ ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಿ. ಹತ್ತಿರದಲ್ಲಿ ತಿರುವಿದ್ದರೆ ತಿರುವಿಗಿಂತಲೂ ಹಿಂದೆ.

3. ಹ್ಯಾಂಡ್ ಬ್ರೇಕ್, ಗೇರು, ಕಲ್ಲು. ಮೂರೂ ಬೇಕು.

4. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ನೆಲವೇ ಚಕ್ರವನ್ನು ಹಿಡಿದುಕೊಳ್ಳುವ ಕಾರಣ ಕಾರು ಅಲುಗುವುದಿಲ್ಲ. ಗಟ್ಟಿಯಿದ್ದರೆ ಪಾನೆಗೆ ಎರಡಡಿಯ ಜಿ.ಐ. ಪೈಪಿನ ತುಂಡು ಸಿಕ್ಕಿಸಿ. ನಮ್ಮ ತೋಟಗಳಲ್ಲಿ ಅದಕ್ಕೇನು ಬರವೇ?

5. ಜಾಕ್ ಇಡುವ ಜಾಗ ಬಾಗಿಲಿನ ಕೆಳಗಿನ ಅಂಚಿನಲ್ಲಿ, ಚಕ್ರದ ಹತ್ತಿರ, ಗುರುತು ಮಾಡಿ ಕೊಟ್ಟಿರುತ್ತದೆ. ಬೇರೆಲ್ಲೋ ಇಟ್ಟರೆ ತಗಡು ನುಗ್ಗುತ್ತದೆ, ಇಲ್ಲವೇ ಜಾಕು ಜಾರುತ್ತದೆ. ಮಣ್ಣು ಮೆತ್ತಗಿದ್ದರೆ ಅಡಿಗೆ ಹಲಗೆ. ನಾನೀಗ ಒಂದಡಿ ಉದ್ದಗಲದ ದಪ್ಪ ಹಲಸಿನ ಹಲಗೆಯೊಂದನ್ನು ಡಿಕ್ಕಿಯಲ್ಲೇ ಇಟ್ಟಿದ್ದೇನೆ.

6. ಸ್ವಲ್ಪ ಎತ್ತಿದ ಕೂಡಲೇ ಸ್ಟೆಪ್ನಿಯನ್ನು ಜಾಕಿನ ಹತ್ತಿರ ಕಾರಿನ ಅಂಚಿನ ಅಡಿಗೆ ಮಲಗಿಸಿ. ಜಾಕು ಜಾರಿದರೂ ಕಾರು ಸ್ಟೆಪ್ನಿಯ ಮೇಲೆ ಕೂತೀತು, ನಿಮ್ಮ ಕೈಯ ಮೇಲಲ್ಲ. ಚಕ್ರ ಬಿಚ್ಚಿದ ಮೇಲೆ ಅದನ್ನು ಅಡಿಗಿಟ್ಟು ಸ್ಟೆಪ್ನಿ ತೆಗೆಯಿರಿ. ನಮ್ಮ ಆ ದಿನದ್ದಕ್ಕೆ ಈ ಒಂದು ಉಪಾಯ ಸಾಕಿತ್ತು.

7. ಜಾಕಿನ ಮೇಲಿರುವ ಕಾರಿನಡಿಗೆ ತಲೆ, ಕಾಲು ಯಾವುದನ್ನೂ ಹಾಕಬೇಡಿ. ಬಿದ್ದ ನಟ್ಟು ಉರುಳಿ ಅಡಿಗೆ ಹೋದರೆ ಕೋಲಿನಿಂದ ಎಳೆಯಿರಿ.

8. ಸ್ಟೆಪ್ನಿ ಸಿಕ್ಕಿಸಿ ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ. ನಟ್ಟಿನ ಒಂದು ಬದಿ ಇಳಿಜಾರಾಗಿದ್ದರೆ ಅದು ಒಳಗೆ, ಚಕ್ರದ ಕಡೆಗೆ ಬರಬೇಕು. ಒಂದಾದ ಮೇಲೆ ಅದರ ಎದುರಿನದ್ದು, ಹೀಗೆ ಬಿಗಿಯುತ್ತಾ ಬನ್ನಿ. ಸಾಲಾಗಿ ಬಿಗಿದರೆ ಚಕ್ರ ಓರೆಯಾಗಿ ಕೂತೀತು.

9. ಕಾರು ಇಳಿಸಿದ ಮೇಲೆ ಇನ್ನೊಮ್ಮೆ ಗಟ್ಟಿ ಮಾಡಿ. ಇದಕ್ಕೆ ಪೈಪಿನ ತುಂಡು ಬೇಡ, ಕೈಯ ಬಲ ಸಾಕು. ವಿಪರೀತ ಬಿಗಿದರೆ ಬೋಲ್ಟಿನ ಹಲ್ಲು ಹೋಗುತ್ತದೆ. ಐವತ್ತು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ನೋಡಿ.

10. ಕೊನೆಯದ್ದು, ನಮ್ಮವರು ಮರೆಯುವಂಥದ್ದು. ಚಕ್ರಕ್ಕೆ ಕೊಟ್ಟ ಕಲ್ಲು, ಗುರುತಿಗೆ ಹಾಕಿದ ಸೊಪ್ಪು ರಸ್ತೆಯಲ್ಲೇ ಬಿಟ್ಟು ಹೋಗುತ್ತೇವೆ. ರಾತ್ರಿ ಬೈಕಿನಲ್ಲಿ ಬರುವವನಿಗೆ ಆ ಕಲ್ಲೇ ಯಮ. ಎತ್ತಿ ಚರಂಡಿಯಾಚೆ ಎಸೆದು ಹೊರಡಿ.

ಸ್ಟೆಪ್ನಿಯನ್ನು ಮರೆಯಬೇಡಿ

ಸ್ಟೆಪ್ನಿಗೆ ಗಾಳಿ ಹಾಕಿಸುವವರು ಕಡಿಮೆ. ಬೇಕಾದಾಗ ನೋಡಿದರೆ ಅದೂ ಚಪ್ಪೆ. ತಿಂಗಳಿಗೊಮ್ಮೆ ಉಳಿದ ನಾಲ್ಕರೊಟ್ಟಿಗೆ ಐದನೆಯದ್ದನ್ನೂ ನೋಡಿಸಿ.

ಟಯರಿಗೆ ವಯಸ್ಸೂ ಇದೆ. ಬದಿಯಲ್ಲಿ ನಾಲ್ಕು ಅಂಕೆ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ ತಯಾರಾದದ್ದು ಎಂದರ್ಥ. ಓಡದೆ ಡಿಕ್ಕಿಯಲ್ಲೇ ಮಲಗಿದ್ದರೂ ರಬ್ಬರು ಗಡುಸಾಗಿ ಬಿರಿಯುತ್ತದೆ. ಹಳೆ ಕಾರು ಕೊಳ್ಳುವವರು ಸ್ಟೆಪ್ನಿಯ ಈ ಅಂಕೆಯನ್ನು ಮೊದಲು ಓದಬೇಕು. ಕೆಲವು ಕಾರುಗಳಲ್ಲಿ ಸ್ಟೆಪ್ನಿ ಉಳಿದವುಗಳಿಗಿಂತ ಸಪುರ ಇರುತ್ತದೆ. ಅದು ಪಂಕ್ಚರ್ ಅಂಗಡಿಯವರೆಗೆ ಹೋಗಲಿಕ್ಕೆ ಮಾತ್ರ. ಎಷ್ಟು ವೇಗ ಮೀರಬಾರದೆಂದು ಅದರ ಮೇಲೇ ಬರೆದಿರುತ್ತದೆ.

ಬೆಲ್ಟಿನ ವಿಚಾರ

ಚಕ್ರದ ಪಾಠವಾದ ಮೇಲೂ ಬೆಲ್ಟಿನ ಬಗ್ಗೆ ನನಗೆ ಉದಾಸೀನವೇ ಇತ್ತು. ಪೇಟೆಯ ಪೊಲೀಸರು ನಿಲ್ಲುವ ಸರ್ಕಲ್ಲಿನ ಹತ್ತಿರ ಎಳೆದುಕೊಳ್ಳುವುದು, ದಾಟಿದ ಮೇಲೆ ಬಿಡುವುದು. ಹಿಂದೆ ಕೂತವರು ಹಾಕಿದ್ದೇ ಇಲ್ಲ. ಅಮ್ಮನಿಗೆ ಹೇಳಿದರೆ, ‘ಹತ್ತು ನಿಮಿಷದ ದಾರಿಗೆ ಎಂತಕ್ಕೆ ಕಟ್ಟಿ ಹಾಕುವುದು ಮಗಾ, ನಾನೆಂತ ದನವಾ?’ ಎಂದು ಕೇಳುತ್ತಿದ್ದರು.

ಕಳೆದ ವರ್ಷ ನೆಂಟರ ಮನೆಯಿಂದ ಬರುತ್ತಿದ್ದೆವು. ಮನೆಗೆ ಎರಡೇ ಕಿಲೋಮೀಟರು. ವೇಗ ಮೂವತ್ತರ ಆಸುಪಾಸು. ತಂಗಿಯ ಐದು ವರ್ಷದ ಮಗಳು ಎದುರಿನ ಎರಡು ಸೀಟಿನ ನಡುವೆ ನಿಂತು ಹಾಡುತ್ತಿದ್ದಳು. ತೋಟದ ದಾರಿಯಿಂದ ಬೈಕೊಂದು ನುಗ್ಗಿತು, ನಾನು ಬ್ರೇಕ್ ಒತ್ತಿದೆ. ಯಾರಿಗೂ ಡಿಕ್ಕಿಯಾಗಲಿಲ್ಲ. ಆದರೆ ಮಗು ಹೋಗಿ ಡ್ಯಾಶ್‌ಬೋರ್ಡಿಗೆ ಬಿತ್ತು. ತುಟಿ ಹರಿದು ಎರಡು ಹೊಲಿಗೆ. ಬರೀ ಬ್ರೇಕಿಗೆ ಹೀಗಾದರೆ ಡಿಕ್ಕಿಯಾಗಿದ್ದರೆ?

ಅದರ ಲೆಕ್ಕವನ್ನು ಅಡಿಕೆ ಮರದಲ್ಲೇ ಹೇಳಬಹುದು. ಮೂವತ್ತು ಕಿಲೋಮೀಟರು ವೇಗದಲ್ಲಿ ಕಾರು ಏನಕ್ಕಾದರೂ ಬಡಿದು ನಿಂತರೆ, ಬೆಲ್ಟಿಲ್ಲದವನಿಗೆ ಅದು ಹನ್ನೊಂದೂವರೆ ಅಡಿ ಎತ್ತರದಿಂದ ಬಿದ್ದಷ್ಟೇ ವೇಗ. ನಲವತ್ತಾದರೆ ಇಪ್ಪತ್ತಡಿ. ಐವತ್ತಾದರೆ ಮೂವತ್ತೆರಡು ಅಡಿ, ಅಂದರೆ ಒಂದು ಒಳ್ಳೆಯ ಅಡಿಕೆ ಮರದ ತುದಿಯಿಂದ. ಮದ್ದು ಬಿಡಲು ಮರ ಹತ್ತುವವನ ತಳೆ ಸವೆದಿದೆಯೇ ಎಂದು ನಾವು ಹತ್ತು ಸರ್ತಿ ನೋಡುತ್ತೇವೆ. ಅದೇ ಎತ್ತರದಲ್ಲಿ ನಾವೇ ಮಕ್ಕಳೊಟ್ಟಿಗೆ ಏನನ್ನೂ ಹಿಡಿಯದೆ ಕೂತಿರುತ್ತೇವೆ.

‘ಮಗು ಮಡಿಲಲ್ಲಿದೆ, ಗಟ್ಟಿ ಹಿಡಿದುಕೊಳ್ಳುತ್ತೇನೆ’ ಎನ್ನುವುದೂ ಭ್ರಮೆ. ಮೂವತ್ತರ ವೇಗದ ಕಾರು ಅರ್ಧ ಮೀಟರಿನೊಳಗೆ ನಿಂತಿತು ಎಂದುಕೊಳ್ಳಿ. ಹತ್ತು ಕಿಲೋ ತೂಕದ ಮಗು ಆ ಕ್ಷಣದಲ್ಲಿ ಎಪ್ಪತ್ತು ಕಿಲೋದ ಹಾಗೆ ಜಗ್ಗುತ್ತದೆ. ಯಾವ ತಾಯಿಯ ಕೈಗೂ ಅದನ್ನು ಹಿಡಿಯುವ ತ್ರಾಣ ಇಲ್ಲ. ಹಿಂದಿನ ಸೀಟಿನಲ್ಲಿ ಕಟ್ಟದೆ ಇಟ್ಟ ಅಡಿಕೆ ಮೂಟೆಯೂ ಹೀಗೆಯೇ ಎದುರಿನವರ ಬೆನ್ನಿಗೆ ಬರುತ್ತದೆ. ಮೂಟೆಗೂ ಹಗ್ಗ ಬೇಕು.

ಹಿಂದೆ ಕೂತವರಿಗೆ ಬೆಲ್ಟು ಬೇಡ ಎನ್ನುವವರು 2022ರ ಸೆಪ್ಟೆಂಬರ್ 4ರ ಸುದ್ದಿಯನ್ನು ನೆನಪಿಸಿಕೊಳ್ಳಬೇಕು. ಟಾಟಾ ಸನ್ಸ್‌ನ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಕಾರು ಸೇತುವೆಗೆ ಬಡಿದು ತೀರಿಕೊಂಡರು. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಹೋದರು, ಎದುರಿನಲ್ಲಿದ್ದ ಇಬ್ಬರು ಗಾಯಗೊಂಡು ಉಳಿದರು. ಹಿಂದಿನವರು ಬೆಲ್ಟು ಹಾಕಿರಲಿಲ್ಲವೆಂದು ಪೊಲೀಸರು ಹೇಳಿದ್ದರು. ಕಾರು ಎಷ್ಟು ಬೆಲೆಯದ್ದಾದರೂ ಬೆಲ್ಟು ನಾವೇ ಹಾಕಬೇಕು.

ಹಾಕುವ ಕ್ರಮ

ಈಗಿನ ಮೂರು ಕಡೆ ಹಿಡಿಯುವ ಬೆಲ್ಟನ್ನು ಸ್ವೀಡನ್ನಿನ ವೋಲ್ವೋ ಕಂಪೆನಿಯ ಇಂಜಿನಿಯರ್ ನಿಲ್ಸ್ ಬೊಹ್ಲಿನ್ 1959ರಲ್ಲಿ ರೂಪಿಸಿದರು. ಕಂಪೆನಿ ಅದನ್ನು ಇತರ ಕಾರು ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ಅದರ ತತ್ವ ಇಷ್ಟೆ: ದೇಹದ ಗಟ್ಟಿ ಎಲುಬುಗಳು ಪೆಟ್ಟು ತಡೆಯಲಿ, ಮೆತ್ತಗಿನ ಹೊಟ್ಟೆ ಬೇಡ.

ಹಾಗಾಗಿ ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ, ತೊಡೆಗೆ ತಾಗಿ ಕೂರಬೇಕು. ಮೇಲಿನ ಪಟ್ಟಿ ಹೆಗಲಿನ ನಡುವಿನಿಂದ ಎದೆಗೆ ಅಡ್ಡ ಬರಬೇಕು. ಕಂಕುಳಡಿಗೆ ಹಾಕಿಕೊಂಡರೆ ಪಕ್ಕೆಲುಬು ಮುರಿದೀತು. ಬಸುರಿಯರೂ ಹಾಕಬೇಕು: ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ಮೇಲಿನದ್ದು ಎದೆಯ ನಡುವಿನಿಂದ ಹೊಟ್ಟೆಯ ಬದಿಗೆ. ಪಟ್ಟಿ ತಿರುಚಿರಬಾರದು. ಇಬ್ಬರಿಗೆ ಒಂದು ಬೆಲ್ಟು ಸಲ್ಲದು. ಸಣ್ಣ ಮಕ್ಕಳಿಗೆ ಅವರ ಗಾತ್ರದ ಸೀಟು ಬೇರೆಯೇ ಸಿಗುತ್ತದೆ. ಅದನ್ನು ಹಿಂದಿನ ಸೀಟಿನಲ್ಲೇ ಕಟ್ಟಬೇಕು.

ಏರ್‌ಬ್ಯಾಗ್ ಇದ್ದರೆ ಬೆಲ್ಟು ಬೇಡ ಎನ್ನುವುದು ಉಲ್ಟಾ ಮಾತು. ಅದು ಕಣ್ಣು ಮಿಟುಕಿಸುವುದರೊಳಗೆ ಸಿಡಿದು ಉಬ್ಬುತ್ತದೆ. ಬೆಲ್ಟಿಲ್ಲದೆ ಮುಂದೆ ಬಾಗಿದವನಿಗೆ ಅದೇ ಪೆಟ್ಟು ಕೊಟ್ಟೀತು. ಸ್ಟೇರಿಂಗಿನಿಂದ ಎದೆಗೆ ಹತ್ತಿಂಚಾದರೂ ದೂರವಿರಲಿ. ಬೆಲ್ಟು ಹಾಕದಿದ್ದಾಗ ಬರುವ ಸದ್ದು ನಿಲ್ಲಿಸಲು ಖಾಲಿ ಕ್ಲಿಪ್ಪು ಸಿಕ್ಕಿಸುವವರೂ ಇದ್ದಾರೆ. ಅಂಥ ಕ್ಲಿಪ್ಪುಗಳನ್ನು ಮಾರಬಾರದೆಂದು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಆದೇಶ ಕೊಟ್ಟಿತು.

ಕಾನೂನೂ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಬಿ ಕಲಮು ಬೆಲ್ಟಿಲ್ಲದಿದ್ದರೆ ಸಾವಿರ ರೂಪಾಯಿ ದಂಡ ಎನ್ನುತ್ತದೆ. ಹದಿನಾಲ್ಕರೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದಿದ್ದರೂ ಕಾರು ಓಡಿಸುವವನಿಗೇ ದಂಡ.

ಬೆಲ್ಟಿನ ಪರೀಕ್ಷೆ

ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ. ನಮ್ಮಲ್ಲಿ ಕಾರು ನಿಲ್ಲುವುದು ತೆಂಗಿನಕಾಯಿ ರಾಶಿಯ ಪಕ್ಕದ ಕೊಟ್ಟಿಗೆಯಲ್ಲಿ, ಇಲಿಗಳಿಗೆ ಬರವಿಲ್ಲ. ನನ್ನ ಹಿಂದಿನ ಸೀಟಿನ ಒಂದು ಬೆಲ್ಟಿನ ಅಂಚನ್ನು ಇಲಿ ಕಡಿದಿತ್ತು. ಹೊಲಿಸಲು ಹೋಗಬೇಡಿ, ಬದಲಿಸಿ. ಜೋರು ಅಪಘಾತದಲ್ಲಿ ಎಳೆತ ತಿಂದ ಬೆಲ್ಟನ್ನೂ ಬದಲಿಸಬೇಕು. ಹಳೆ ಕಾರು ಕೊಳ್ಳುವಾಗ ಇದನ್ನು ಕೇಳಿ.

ಜರ್ರನೆ ಎಳೆದರೆ ಬೆಲ್ಟು ಹಿಡಿದು ನಿಲ್ಲಬೇಕು, ನಿಧಾನಕ್ಕೆ ಎಳೆದರೆ ಬರಬೇಕು. ಕಡಿದಾದ ಇಳಿಜಾರಿನಲ್ಲಿ ಕಾರು ನಿಂತಿದ್ದರೆ ನಿಧಾನಕ್ಕೆ ಎಳೆದರೂ ಬಾರದಿರುವುದುಂಟು. ಕಾರು ವಾಲಿದ್ದು ಒಳಗಿನ ಬೀಗಕ್ಕೆ ಗೊತ್ತಾಗಿ ಅದು ಹಿಡಿದುಕೊಳ್ಳುವುದು, ಹಾಳಾದದ್ದಲ್ಲ. ಅದಕ್ಕೇ ನಾವೀಗ ಸಮತಟ್ಟಾದ ಅಂಗಳದಲ್ಲೇ ಬೆಲ್ಟು ಹಾಕಿ ಹೊರಡುವುದು. ಕೊಳೆಯಾದರೆ ಸಾಬೂನು ನೀರಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಬ್ಲೀಚಿಂಗ್ ಪುಡಿ ತಾಗಿಸಬೇಡಿ.

ಮಳೆಗಾಲಕ್ಕೆ ಮೊದಲು

ನಮ್ಮ ಮನೆಯಲ್ಲಿ ಈಗ ಮೇ ತಿಂಗಳ ಕೊನೆಗೆ ಒಂದು ಸಂಜೆ ಅಂಗಳದಲ್ಲಿ ಚಕ್ರ ಬಿಚ್ಚಿ ಹಾಕುವ ಅಭ್ಯಾಸ ಇದೆ. ಕಳೆದ ಸರ್ತಿ ಹೆಂಡತಿಯೇ ಮಾಡಿದಳು, ಅರ್ಧ ಗಂಟೆ ಹಿಡಿಯಿತು. ಮೊದಲೇ ಮಾಡಿ ನೋಡಿದ್ದರಿಂದ ಒಂದು ನಟ್ಟು ತುಕ್ಕು ಹಿಡಿದದ್ದು ಗೊತ್ತಾಯಿತು. ಅದು ದಾರಿಯಲ್ಲಿ ಗೊತ್ತಾಗುವುದಕ್ಕಿಂತ ಅಂಗಳದಲ್ಲಿ ಗೊತ್ತಾದದ್ದು ವಾಸಿ. ಮಗ ಪಕ್ಕದಲ್ಲಿ ನಿಂತು ಕಲ್ಲು ಕೊಟ್ಟದ್ದನ್ನು ಎರಡೆರಡು ಸರ್ತಿ ನೋಡುತ್ತಿದ್ದ. ಅವನ ಉಗುರು ಬಂದಿದೆ, ಸ್ವಲ್ಪ ಸೊಟ್ಟ.

ಅಮ್ಮ ಈಗ ಬೆಲ್ಟು ಹಾಕುತ್ತಾರೆ. ಸಿಕ್ಕಿಸಲು ಕೈಗೆ ಬಲ ಸಾಲದು, ಮೊಮ್ಮಗಳು ಸಿಕ್ಕಿಸಿ ಕೊಡುತ್ತಾಳೆ. ಪ್ರಾಯದವರಿಗೆ ಸುಲಭವಾಗುವ ಉಪಾಯ ನಿಮ್ಮಲ್ಲಿ ಯಾರಾದರೂ ಕಂಡುಕೊಂಡಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ.