ತಾಂತ್ರಿಕ ಪುಸ್ತಕ: ಕಾಗದವೋ, ಮೊಬೈಲೋ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪಾವಗಡದ ತಿರುಮಣಿ ಸುತ್ತ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದು ನಿಂತಮೇಲೆ, ಇಲ್ಲಿ ಎಲೆಕ್ಟ್ರಿಕಲ್ ಓದುವ ಹುಡುಗ ಹುಡುಗಿಯರಿಗೆ ಪಾಠದ ಬಳಕೆ ಕಣ್ಣೆದುರೇ ಕಾಣುತ್ತಿದೆ. ಅವರು ಯಾವುದನ್ನು ಕಾಗದದಲ್ಲಿ ಓದಬೇಕು, ಯಾವುದನ್ನು ಮೊಬೈಲಿನಲ್ಲಿ ನೋಡಬೇಕು ಎಂಬ ಬಗ್ಗೆ ಮಾತ್ರ ಹಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ 1: ಪಿಡಿಎಫ್ ಇದ್ದರೆ ಸಾಕು, ಪುಸ್ತಕ ಯಾಕೆ?

ವಾಸ್ತವ: 54 ಅಧ್ಯಯನಗಳ, 1.71 ಲಕ್ಷ ಓದುಗರ ಫಲಿತಾಂಶಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2018ರಲ್ಲಿ ಪ್ರಕಟವಾಯಿತು. ಕಥೆ ಓದುವಾಗ ಕಾಗದಕ್ಕೂ ಪರದೆಗೂ ವ್ಯತ್ಯಾಸ ಕಾಣಲಿಲ್ಲ. ಮಾಹಿತಿಯ ಬರಹ ಮಾತ್ರ ಕಾಗದದಲ್ಲೇ ಹೆಚ್ಚು ಅರ್ಥವಾಗಿತ್ತು. ಸಮಯದ ಒತ್ತಡವಿದ್ದಾಗ ಅಂತರ ಇನ್ನೂ ಹೆಚ್ಚಿತ್ತು. ಪರದೆಯಲ್ಲಿ ಓದುವವರು ಅರ್ಥವಾಗುವ ಮೊದಲೇ ಅರ್ಥವಾಯಿತು ಎಂದುಕೊಳ್ಳುತ್ತಾರೆ ಎಂಬುದನ್ನೂ ಸಂಶೋಧಕರು ಗುರುತಿಸಿದ್ದಾರೆ. ಹಾಗಾಗಿ ಓಮ್‌ನ ನಿಯಮದಂಥ ಬುನಾದಿ ಪಾಠವನ್ನು ಕಾಗದದಲ್ಲಿ, ಪೆನ್ಸಿಲ್ ಹಿಡಿದು, ಲೆಕ್ಕ ಮಾಡುತ್ತಲೇ ಓದಬೇಕು.

ತಪ್ಪು ಕಲ್ಪನೆ 2: ಅಚ್ಚಾದದ್ದೆಲ್ಲ ಸರಿ

ವಾಸ್ತವ: ಬುನಾದಿ ಬದಲಾಗದು, ನಿಯಮಾವಳಿ ಬದಲಾಗುತ್ತದೆ. ಅರ್ಥಿಂಗ್ ಕುರಿತ ಐಎಸ್ 3043 ಮಾನಕದ 1987ರ ಆವೃತ್ತಿಯ ಜಾಗಕ್ಕೆ 2018ರಲ್ಲಿ ಹೊಸದು ಬಂತು. ವೈರಿಂಗ್ ಕುರಿತ ಐಎಸ್ 732 ಕೂಡ 2019ರಲ್ಲಿ ಪರಿಷ್ಕೃತವಾಯಿತು. ಕಪಾಟಿನ ಹಳೆಯ ಗೈಡು ನಂಬಿ ಅರ್ಥಿಂಗ್ ಮಾಡಿದರೆ ಜೀವಕ್ಕೇ ಅಪಾಯ. ಭಾರತೀಯ ಮಾನಕ ಬ್ಯೂರೋದ ತಾಣದಲ್ಲಿ ಈ ಮಾನಕಗಳನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಕಂಪ್ಯೂಟರ್ ಕಲಿಯುವವರ ಪಾಡೂ ಇದೇ: ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೇ ನಿಂತಿತು. ಆ ಕಾಲದ ಪುಸ್ತಕದಲ್ಲಿ ಆವರಣ ಚಿಹ್ನೆಯಿಲ್ಲದೆ ಬರೆದ 'ಪ್ರಿಂಟ್' ಸಾಲು ಇವತ್ತಿನ ಪೈಥಾನ್‌ನಲ್ಲಿ ಓಡುವುದಿಲ್ಲ.

ತಪ್ಪು ಕಲ್ಪನೆ 3: ಮೊಬೈಲಿನಲ್ಲಿ ಹುಡುಕಿದರೆ ಎಲ್ಲ ಸಿಗುತ್ತದೆ

ವಾಸ್ತವ: ಎ4 ಹಾಳೆಯ ಅಗಲ 21 ಸೆಂಟಿಮೀಟರ್, ಮೊಬೈಲಿನ ಪರದೆ ಸುಮಾರು 7. ಇಡೀ ಪುಟ ತೆರೆದರೆ ಅಕ್ಷರ ಮೂರನೇ ಒಂದು ಪಾಲಿಗೆ ಕುಗ್ಗಿ, ಒತ್ತಕ್ಷರಗಳೂ ಸರ್ಕ್ಯೂಟ್ ಚಿತ್ರದ ಬೆಲೆಗಳೂ ಮಸುಕಾಗುತ್ತವೆ. ದೊಡ್ಡದು ಮಾಡಿದರೆ ಚಿತ್ರ ಒಂದು ಕಡೆ, ವಿವರಣೆ ಇನ್ನೊಂದು ಕಡೆ.

ಕನ್ನಡಕ್ಕೆ ಇನ್ನೊಂದು ತೊಡಕೂ ಇದೆ. ಎಷ್ಟೋ ಪಿಡಿಎಫ್‌ಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿವೆ, ಇಲ್ಲವೇ ಸ್ಕ್ಯಾನ್ ಮಾಡಿದ ಚಿತ್ರಗಳು. 'ವಿದ್ಯುತ್' ಎಂದು ಟೈಪಿಸಿದರೆ, ಪುಟದ ತುಂಬ ಆ ಪದವಿದ್ದರೂ ಫಲಿತಾಂಶ ಶೂನ್ಯ. ಅದು ಪುಸ್ತಕದಲ್ಲೇ ಇಲ್ಲವೆಂದು ಕೈಬಿಡಬೇಡಿ, ಪರಿವಿಡಿ ನೋಡಿ. ಯೂನಿಕೋಡ್‌ನಲ್ಲಿ ಸಿದ್ಧವಾದ ಪುಸ್ತಕದಲ್ಲಿ ಹುಡುಕಾಟ ಸುಲಭ.

ತಪ್ಪು ಕಲ್ಪನೆ 4: ಉಚಿತ ಪ್ರತಿ ಎಂದರೆ ಕದ್ದದ್ದೇ, ಕನ್ನಡದಲ್ಲಂತೂ ಏನೂ ಇಲ್ಲ

ವಾಸ್ತವ: ಮೊಬೈಲ್ ಗುಂಪುಗಳಲ್ಲಿ ಹರಿದಾಡುವ ಪ್ರತಿಗಳಲ್ಲಿ ಪುಟ ತಪ್ಪಿರಬಹುದು, ಆವೃತ್ತಿ ಹಳೆಯದಿರಬಹುದು. ಅವುಗಳ ಹಂಗಿಲ್ಲದೆಯೇ ಎಐಸಿಟಿಇಯ ಇ-ಕುಂಭ್ ತಾಣದಲ್ಲಿ ಡಿಪ್ಲೊಮಾ, ಎಂಜಿನಿಯರಿಂಗ್ ಪುಸ್ತಕಗಳು ಕನ್ನಡದಲ್ಲೂ ಉಚಿತವಾಗಿ ಸಿಗುತ್ತವೆ. ಐಟಿಐ ಓದುವವರಿಗೆ ಭಾರತ್ ಸ್ಕಿಲ್ಸ್, ಎಂಜಿನಿಯರಿಂಗ್‌ನವರಿಗೆ ಎನ್‌ಪಿಟಿಇಎಲ್‌ನ ಪಾಠಗಳು, ಶಾಲಾ ಮಕ್ಕಳಿಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ಪಿಡಿಎಫ್‌ಗಳಿವೆ. ಎಲ್ಲವೂ ಕಾನೂನುಬದ್ಧ. ನೆಟ್‌ವರ್ಕ್ ಚೆನ್ನಾಗಿರುವಲ್ಲಿ ಒಮ್ಮೆ ಇಳಿಸಿಕೊಂಡರೆ ಊರಿನಲ್ಲಿ ಸಿಗ್ನಲ್ ಇಲ್ಲದಿದ್ದರೂ ಓದಬಹುದು.

ತಪ್ಪು ಕಲ್ಪನೆ 5: ಪರದೆ ನೋಡಿದರೆ ಕಣ್ಣು ಹಾಳು

ವಾಸ್ತವ: ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ದಣಿಯುತ್ತದೆ; ಹಾಗೆಂದು ಅದು ಹಾಳಾಯಿತು ಎಂದಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು ದೂರ ನೋಡಿದರೆ ಆರಾಮ ಸಿಗುತ್ತದೆ.

ಒಟ್ಟಿನಲ್ಲಿ, ಕಲಿಯುವುದಕ್ಕೆ ಕಾಗದ, ಹುಡುಕುವುದಕ್ಕೂ ಹೊಸ ನಿಯಮ ಪರಿಶೀಲಿಸುವುದಕ್ಕೂ ಪರದೆ. ಎರಡನ್ನೂ ಕೊಳ್ಳುವ ಶಕ್ತಿ ಎಲ್ಲ ಮನೆಗಳಿಗಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ಈ ಕೊರತೆ ತುಂಬಬಲ್ಲವು. ಈ ನಾಲ್ಕೂ ತಾಲ್ಲೂಕಿನ ಪ್ರತಿ ಕೇಂದ್ರದಲ್ಲೂ ಐಟಿಐ, ಡಿಪ್ಲೊಮಾ ಪಠ್ಯಗಳ ಒಂದೊಂದು ಅಚ್ಚಿನ ಸೆಟ್ ಇರಲಿ. ಮೇಲಿನ ಉಚಿತ ಪುಸ್ತಕಗಳನ್ನು ಇಳಿಸಿಟ್ಟ ಒಂದು ಕಂಪ್ಯೂಟರೂ ಪಕ್ಕದಲ್ಲಿರಲಿ. ಪಂಚಾಯಿತಿ ಸದಸ್ಯರನ್ನು ಕಂಡಾಗ ನಾವು ಕೇಳಬೇಕಾದದ್ದು ಇದನ್ನೇ.