ತಣ್ಣನೆಯ ಕಡಲಾಳದ ಪ್ರವಾಸ: ಇಳಿಯುವುದು ಸುಲಭ, ಏರುವುದಕ್ಕೆ ಲೆಕ್ಕ ಬೇಕು

ಸೋಡಾ ಸೀಸೆಯ ಮುಚ್ಚಳವನ್ನು ಒಮ್ಮೆಲೇ ತೆಗೆದರೆ ಏನಾಗುತ್ತದೆಂದು ನಿಮಗೆ ಗೊತ್ತು. ಅದುವರೆಗೆ ತಿಳಿಯಾಗಿದ್ದ ದ್ರವದಲ್ಲಿ ಬುಸ್ಸೆಂದು ಗುಳ್ಳೆಗಳೇಳುತ್ತವೆ. ಮುಚ್ಚಳವನ್ನು ಸ್ವಲ್ಪಸ್ವಲ್ಪವೇ ಸಡಿಲಿಸುತ್ತ ಬಂದರೆ ಅನಿಲ ಗದ್ದಲವಿಲ್ಲದೆ ಹೊರಹೋಗುತ್ತದೆ. ಈಗ ಸೀಸೆಯ ಜಾಗದಲ್ಲಿ ಮನುಷ್ಯನ ದೇಹವನ್ನು ಊಹಿಸಿಕೊಳ್ಳಿ. ನಲವತ್ತು ಮೀಟರ್ ಆಳದ ಸಮುದ್ರದಿಂದ ಮೇಲೆ ಬರುವವನು ಮುಚ್ಚಳ ತೆಗೆಯುತ್ತಿರುವ ಸೀಸೆಯಂತೆಯೇ ಸರಿ. ಅವಸರ ಮಾಡಿದರೆ ಗುಳ್ಳೆಗಳು ಏಳುವುದು ಅವನ ರಕ್ತದಲ್ಲಿ, ಕೀಲುಗಳಲ್ಲಿ, ಬೆನ್ನುಹುರಿಯಲ್ಲಿ!

ಇದು ಗೊತ್ತಿದ್ದೂ ಪ್ರತಿವರ್ಷ ನೂರಾರು ಜನ ಹವ್ಯಾಸಿಗಳು ಗುಂಪು ಕಟ್ಟಿಕೊಂಡು, ರಜೆ ಹಾಕಿ, ತಣ್ಣನೆಯ ಸಮುದ್ರದ ತಳದಲ್ಲಿರುವ ಹಡಗುಗಳನ್ನು ನೋಡಲು ಹೋಗುತ್ತಾರೆ. ಅವರಲ್ಲಿ ಬಹುತೇಕರು ಸುರಕ್ಷಿತವಾಗಿ ಮನೆಗೆ ಮರಳುತ್ತಾರೆ. ಕೇವಲ ಧೈರ್ಯದಿಂದ ಇದು ಸಾಧ್ಯವಾಗುವುದಿಲ್ಲ. ನೀವು ತರಗತಿಯಲ್ಲಿ ಕಲಿಯುವ ಎರಡು ಮೂರು ಅನಿಲ ನಿಯಮಗಳನ್ನು ಅವರು ತಪ್ಪದೆ ಪಾಲಿಸುವುದೇ ಇದಕ್ಕೆ ಕಾರಣ.

ಹಡಗುಗಳು ಅಲ್ಲಿಗೆ ಬಂದದ್ದು ಹೇಗೆ?

ಸ್ಕಾಟ್ಲೆಂಡಿನ ಉತ್ತರದಲ್ಲಿ ಆರ್ಕ್ನಿ ದ್ವೀಪಸಮೂಹವಿದೆ. ಈ ದ್ವೀಪಗಳ ನಡುವಿನ ವಿಶಾಲವಾದ ನೈಸರ್ಗಿಕ ಬಂದರೇ ಸ್ಕಾಪಾ ಫ್ಲೋ. ಮೊದಲ ಮಹಾಯುದ್ಧದ ಕೊನೆಗೆ ಜರ್ಮನಿಯ ನೌಕಾಪಡೆಯ 74 ಹಡಗುಗಳನ್ನು ಇಲ್ಲಿ ಬಂಧನದಲ್ಲಿಡಲಾಗಿತ್ತು. ಅವು ಬ್ರಿಟನ್ನಿನ ಪಾಲಾಗಬಾರದೆಂದು ಅಡ್ಮಿರಲ್ ಲುಡ್ವಿಗ್ ಫಾನ್ ರಾಯ್ಟರ್ 1919ರ ಜೂನ್ 21ರಂದು ಹಡಗುಗಳನ್ನು ಮುಳುಗಿಸಲು ತನ್ನ ನಾವಿಕರಿಗೆ ಆಜ್ಞೆ ಕೊಟ್ಟ. ನಾವಿಕರು ತಳದ ಕವಾಟಗಳನ್ನು ತೆರೆದರು. ಒಂದೇ ದಿನ 52 ಹಡಗುಗಳು ಮುಳುಗಿದವು.

ಮುಂದೆ ಅವುಗಳಲ್ಲಿ ಬಹುಪಾಲನ್ನು ಗುಜರಿಗಾಗಿ ಮೇಲೆತ್ತಿದರು. ಅರ್ನೆಸ್ಟ್ ಕಾಕ್ಸ್ ಎಂಬ ಗುಜರಿ ವ್ಯಾಪಾರಿ 1924ರಲ್ಲಿ ಈ ಕೆಲಸ ಆರಂಭಿಸಿದ. ತಲೆಕೆಳಗಾಗಿ ಮಲಗಿದ್ದ ಹಡಗಿನ ತೂತುಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿಯನ್ನು ಒತ್ತಿ ತುಂಬಿ, ನೀರನ್ನು ಹೊರದೂಡಿ ತೇಲಿಸುವುದು ಅವನ ಒಂದು ಉಪಾಯವಾಗಿತ್ತು. 'ಮೋಲ್ಟ್‌ಕೆ' ಎಂಬ ಭಾರಿ ಯುದ್ಧನೌಕೆ 1927ರಲ್ಲಿ ಮೇಲೆ ಬಂದದ್ದು ಹೀಗೆಯೇ. ಈ ಉಪಾಯದಲ್ಲೊಂದು ತೊಡಕಿದೆ. ಹಡಗು ಏರತೊಡಗಿದಂತೆ ಸುತ್ತಲಿನ ಒತ್ತಡ ಇಳಿಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಇನ್ನಷ್ಟು ನೀರು ಹೊರಹೋಗಿ ಹಡಗು ಇನ್ನೂ ವೇಗವಾಗಿ ಏರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಸಾವಿರಾರು ಟನ್ನಿನ ಹಡಗಿಗೆ ಅನ್ವಯಿಸುವುದು ಮುಳುಗುಗಾರನಿಗೂ ಅನ್ವಯಿಸುತ್ತದೆ.

ಎತ್ತದೆ ಉಳಿದವುಗಳಲ್ಲಿ ಏಳು ದೊಡ್ಡ ಹಡಗುಗಳು ಇಂದಿಗೂ ಅಲ್ಲಿವೆ. 'ಕೋನಿಗ್', 'ಕ್ರೋನ್‌ಪ್ರಿನ್ಸ್ ವಿಲ್ಹೆಲ್ಮ್', 'ಮಾರ್ಕ್‌ಗ್ರಾಫ್' ಎಂಬ ಮೂರು ಯುದ್ಧನೌಕೆಗಳು ಸುಮಾರು 38ರಿಂದ 45 ಮೀಟರ್ ಆಳದಲ್ಲಿವೆ. ಫಿರಂಗಿಗಳ ಭಾರವೆಲ್ಲ ಮೇಲ್ಭಾಗದಲ್ಲಿದ್ದುದರಿಂದ ಅವು ಮುಳುಗುವಾಗ ಮಗುಚಿಕೊಂಡವು. 'ಕೊಲ್ನ್', 'ಡ್ರೆಸ್ಡೆನ್', 'ಬ್ರುಮರ್', 'ಕಾರ್ಲ್ಸ್‌ರೂ' ಎಂಬ ನಾಲ್ಕು ಚಿಕ್ಕ ನೌಕೆಗಳು ಅವುಗಳಿಗಿಂತ ಕಡಿಮೆ ಆಳದಲ್ಲಿ ಪಕ್ಕಕ್ಕೆ ವಾಲಿ ಮಲಗಿವೆ. ಬ್ರಿಟನ್ನಿನ ಡೈವಿಂಗ್ ಕ್ಲಬ್ಬುಗಳ ಸದಸ್ಯರು ಒಂದು ವಾರದ ಮಟ್ಟಿಗೆ ದೋಣಿಯೊಂದನ್ನು ಬಾಡಿಗೆಗೆ ಹಿಡಿದು, ದಿನಕ್ಕೆ ಸಾಮಾನ್ಯವಾಗಿ ಎರಡು ಬಾರಿ ಮುಳುಗಿ ಇವನ್ನು ನೋಡುತ್ತಾರೆ.

ಆಳ ಹೆಚ್ಚಿದಂತೆ ಒತ್ತಡ

ಸಮುದ್ರಮಟ್ಟದಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡ ಸುಮಾರು 1 ಬಾರ್. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗ ನೀರಿನ ಭಾರದಿಂದ ಸುಮಾರು 1 ಬಾರ್ ಸೇರುತ್ತ ಹೋಗುತ್ತದೆ. ಉಷ್ಣತೆ ಬದಲಾಗದಿದ್ದರೆ ಒತ್ತಡ ಹೆಚ್ಚಿದಷ್ಟೂ ಅನಿಲದ ಗಾತ್ರ ಕುಗ್ಗುತ್ತದೆ ಎನ್ನುವುದು ಬಾಯ್ಲ್ ನಿಯಮ. ನೀರಿನ ಮೇಲೆ 12 ಲೀಟರ್ ಗಾತ್ರವಿರುವ ಬಲೂನನ್ನು ಕೆಳಕ್ಕೆ ಒಯ್ದರೆ ಹೀಗಾಗುತ್ತದೆ:

ಮೇಲ್ಮೈ: 1 ಬಾರ್, 12 ಲೀಟರ್
10 ಮೀಟರ್: 2 ಬಾರ್, 6 ಲೀಟರ್
20 ಮೀಟರ್: 3 ಬಾರ್, 4 ಲೀಟರ್
30 ಮೀಟರ್: 4 ಬಾರ್, 3 ಲೀಟರ್
40 ಮೀಟರ್: 5 ಬಾರ್, 2.4 ಲೀಟರ್

ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ. 40ರಿಂದ 30 ಮೀಟರಿಗೆ ಬರುವಾಗ ಬಲೂನು ಹಿಗ್ಗುವುದು ಕೇವಲ 0.6 ಲೀಟರ್. ಕೊನೆಯ 10 ಮೀಟರಿನಲ್ಲಿ 6 ಲೀಟರ್! ಅಂದರೆ ಮೇಲ್ಮೈ ಹತ್ತಿರವಾದಷ್ಟೂ ಬದಲಾವಣೆ ತೀವ್ರ. ಆಳದಲ್ಲಿ ತುಂಬಿಕೊಂಡ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಬಲೂನಿನ ಗತಿಯೇ ಶ್ವಾಸಕೋಶಕ್ಕೂ ಬರುತ್ತದೆ. ಅದಕ್ಕೇ 'ಉಸಿರು ಹಿಡಿಯಬೇಡಿ' ಎನ್ನುವುದು ಮುಳುಗುಗಾರರ ಮೊದಲ ಪಾಠ.

ಇನ್ನೊಂದು ಲೆಕ್ಕ. ಆರಾಮವಾಗಿ ಈಜುವವನಿಗೆ ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಸಾಕು ಎಂದಿಟ್ಟುಕೊಳ್ಳಿ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿ, ಸಾಮಾನ್ಯ ಒತ್ತಡದಲ್ಲಿ 2400 ಲೀಟರಿಗೆ ಸಮ. ಮೇಲ್ಮೈಯಲ್ಲಿ ಅದು ಎರಡು ಗಂಟೆ ಬರುತ್ತದೆ. 40 ಮೀಟರ್ ಆಳದಲ್ಲಿ ಪ್ರತಿ ಉಸಿರೂ ಐದು ಪಟ್ಟು ಗಾಳಿಯನ್ನು ಬೇಡುವುದರಿಂದ 24 ನಿಮಿಷಕ್ಕೆ ಸಿಲಿಂಡರು ಬರಿದು. ಮೇಲೇರಲು, ಜೊತೆಗಾರನಿಗೆ ತುರ್ತಿನಲ್ಲಿ ಕೊಡಲು ಒಂದು ಪಾಲನ್ನು ಕಾದಿಡಬೇಕು. ಹಾಗಾಗಿಯೇ ಯುದ್ಧನೌಕೆಗಳಿಗೆ ಇಳಿಯುವವರು ಸಾಮಾನ್ಯವಾಗಿ ಜೋಡಿ ಸಿಲಿಂಡರುಗಳನ್ನು ಹೊರುತ್ತಾರೆ.

ಆಡುಗಳು ಕಲಿಸಿದ ಪಾಠ

ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 79ರಷ್ಟು ನೈಟ್ರೊಜನ್. ದೇಹಕ್ಕೆ ಅದು ಬೇಡ, ಆದರೂ ರಕ್ತದಲ್ಲಿ ಕರಗುತ್ತದೆ. ದ್ರವದ ಮೇಲೆ ಅನಿಲದ ಒತ್ತಡ ಹೆಚ್ಚಿದಷ್ಟೂ ಅದು ಹೆಚ್ಚು ಕರಗುತ್ತದೆ ಎಂಬ ಹೆನ್ರಿ ನಿಯಮ ಇಲ್ಲಿ ಕೆಲಸ ಮಾಡುತ್ತದೆ. 40 ಮೀಟರಿನಲ್ಲಿ ನೈಟ್ರೊಜನ್ನಿನ ಆಂಶಿಕ ಒತ್ತಡ 0.79 ಬಾರಿನಿಂದ 3.95 ಬಾರಿಗೆ ಏರುತ್ತದೆ. ಈ ಒತ್ತಡದಲ್ಲಿ ನೈಟ್ರೊಜನ್ ಅಮಲು ಕೂಡ ಬರಿಸುತ್ತದೆ. ಸರಳ ನಿರ್ಧಾರಗಳೂ ತಪ್ಪತೊಡಗುತ್ತವೆ. ಇಳಿಯುವ ಯೋಜನೆಯನ್ನು ದೋಣಿಯಲ್ಲೇ ಬರೆದಿಟ್ಟುಕೊಳ್ಳುವುದು ಇದಕ್ಕಾಗಿ.

ಒತ್ತಡದ ಗಾಳಿಯಲ್ಲಿ ದುಡಿದು ಹೊರಬಂದವರು ಕೀಲುನೋವಿನಿಂದ ನರಳುವುದು, ಪಾರ್ಶ್ವವಾಯು ಪೀಡಿತರಾಗುವುದು 19ನೇ ಶತಮಾನದ ಸೇತುವೆ ಕಾಮಗಾರಿಗಳಲ್ಲಿ ಕಂಡುಬಂದಿತ್ತು. ನೈಟ್ರೊಜನ್ ಗುಳ್ಳೆಗಳೇ ಇದಕ್ಕೆ ಕಾರಣವೆಂದು ಫ್ರಾನ್ಸಿನ ಪಾಲ್ ಬರ್ಟ್ 1878ರಲ್ಲಿ ತೋರಿಸಿದ. ಪರಿಹಾರ ಹುಡುಕಿದವನು ಜೆ.ಎಸ್. ಹಾಲ್ಡೇನ್. ಕೊನೆಗಾಲದಲ್ಲಿ ಭಾರತದ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಪ್ರಸಿದ್ಧ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನರ ತಂದೆ ಈತ. ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗಿಸಿ, ಹಂತಹಂತವಾಗಿ ನಿಂತು ಮೇಲೇರುವ ವೇಳಾಪಟ್ಟಿಯನ್ನು ಸಹೋದ್ಯೋಗಿಗಳೊಂದಿಗೆ 1908ರಲ್ಲಿ ಪ್ರಕಟಿಸಿದ.

ಅವನ ಲೆಕ್ಕ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ವಿಕಿರಣಶೀಲ ವಸ್ತುಗಳಿಗೆ ಅರ್ಧಾಯುವಿದ್ದಂತೆ ಪ್ರತಿ ಅಂಗಾಂಶಕ್ಕೂ ನೈಟ್ರೊಜನ್ ತುಂಬಿಕೊಳ್ಳುವ 'ಅರ್ಧಾವಧಿ' ಇದೆಯೆಂದು ಅವನು ಭಾವಿಸಿದ. 5, 10, 20, 40, 75 ನಿಮಿಷಗಳ ಐದು ಬಗೆಯ ಅಂಗಾಂಶಗಳನ್ನು ಕಲ್ಪಿಸಿಕೊಂಡ. 20 ನಿಮಿಷ ಆಳದಲ್ಲಿದ್ದರೆ 5 ನಿಮಿಷದ ಅಂಗಾಂಶ ನಾಲ್ಕು ಅರ್ಧಾವಧಿ ಕಳೆದು ಶೇಕಡ 94ರಷ್ಟು ತುಂಬಿರುತ್ತದೆ. 40 ನಿಮಿಷದ ಅಂಗಾಂಶ ತುಂಬಿರುವುದು ಶೇಕಡ 29ರಷ್ಟು ಮಾತ್ರ. ಬೇಗ ತುಂಬುವುದು ಬೇಗ ಖಾಲಿಯಾಗುತ್ತದೆ, ನಿಧಾನವಾಗಿ ತುಂಬುವುದು ನಿಧಾನವಾಗಿ ಖಾಲಿಯಾಗುತ್ತದೆ. ಇಂದಿನ ಮುಳುಗುಗಾರರ ಮಣಿಕಟ್ಟಿನಲ್ಲಿರುವ ಕಂಪ್ಯೂಟರುಗಳಲ್ಲಿ ಬಹಳಷ್ಟು, ಇದೇ ಲೆಕ್ಕದ ಸುಧಾರಿತ ರೂಪವನ್ನು ಕ್ಷಣಕ್ಷಣಕ್ಕೂ ಮಾಡುತ್ತಿರುತ್ತವೆ.

40 ಮೀಟರಿನಲ್ಲಿ ಗಾಳಿ ಉಸಿರಾಡುತ್ತ ಹತ್ತು ನಿಮಿಷದ ಆಸುಪಾಸಿಗಿಂತ ಹೆಚ್ಚು ಕಾಲ ಉಳಿದರೆ ನೇರವಾಗಿ ಮೇಲೆ ಬರುವಂತಿಲ್ಲ. ಕಡಿಮೆ ಆಳದಲ್ಲಿ ನಿಗದಿತ ನಿಮಿಷಗಳಷ್ಟು ಹಗ್ಗ ಹಿಡಿದು ಕಾಯಬೇಕು. ತಲೆಯ ಮೇಲೆ ಬೆಳಕು ಕಾಣುತ್ತಿರುತ್ತದೆ, ದೋಣಿ ಕೈಗೆಟುಕುವಂತಿರುತ್ತದೆ, ಆದರೂ ಕಾಯಬೇಕು!

ನೈಟ್ರೊಜನ್ನನ್ನೇ ಕಡಿಮೆ ಮಾಡಬಾರದೇಕೆ? ಮಾಡುತ್ತಾರೆ. ಆಕ್ಸಿಜನ್ ಹೆಚ್ಚಿಸಿದ ಈ ಮಿಶ್ರಣದ ಹೆಸರು ನೈಟ್ರಾಕ್ಸ್. ಆದರೆ ಆಕ್ಸಿಜನ್ನೂ ಹೆಚ್ಚಿನ ಒತ್ತಡದಲ್ಲಿ ವಿಷವಾಗಿ ಸೆಳವು ತರಿಸುತ್ತದೆ. ಹವ್ಯಾಸಿಗಳು ಸಾಮಾನ್ಯವಾಗಿ ಪಾಲಿಸುವ ಮಿತಿ 1.4 ಬಾರ್. ಶೇಕಡ 32 ಆಕ್ಸಿಜನ್ ಇರುವ ಮಿಶ್ರಣ ಸುಮಾರು 34 ಮೀಟರಿನಲ್ಲೇ ಈ ಮಿತಿ ಮುಟ್ಟುತ್ತದೆ. ಚಿಕ್ಕ ನೌಕೆಗಳ ಹೆಚ್ಚಿನ ಭಾಗಕ್ಕೆ ಅದು ಸರಿ, 40 ಮೀಟರಿಗೆ ಸಲ್ಲದು. 40 ಮೀಟರಿಗೆ ಶೇಕಡ 28ರ ಮಿಶ್ರಣವೇ ಗಡಿ. 5ನ್ನು 0.28ರಿಂದ ಗುಣಿಸಿ ನೋಡಿ.

ತಣ್ಣೀರು ಒಡ್ಡುವ ಪರೀಕ್ಷೆ

ನಮ್ಮ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಮುಳುಗುವವರಿಗೂ ಮೇಲಿನ ನಿಯಮಗಳೆಲ್ಲ ಅನ್ವಯಿಸುತ್ತವೆ. ಅಲ್ಲಿನ ಬೆಚ್ಚನೆಯ ನೀರಿಗೆ ತೆಳುವಾದ ಉಡುಪು ಸಾಕು. ಸ್ಕಾಪಾ ಫ್ಲೋದಲ್ಲಿ ಬೇಸಗೆಯಲ್ಲೂ ನೀರು 13 ಅಥವಾ 14 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು 25 ಪಟ್ಟು ಹೆಚ್ಚು. ಆದ್ದರಿಂದ ದೇಹದ ಶಾಖ ಬಲುಬೇಗ ಸೋರಿಹೋಗುತ್ತದೆ.

ಇದಕ್ಕೆ ಉತ್ತರ 'ಒಣ ಉಡುಪು'. ನೀರು ಒಳನುಗ್ಗದಂತೆ ಕುತ್ತಿಗೆ, ಮಣಿಕಟ್ಟುಗಳಲ್ಲಿ ಬಿಗಿಯಾಗಿರುವ ಈ ಉಡುಪಿನೊಳಗೆ ದಪ್ಪ ಒಳಬಟ್ಟೆ, ಅದರಲ್ಲಿ ಗಾಳಿಯ ಪದರ. ಕಂಬಳಿ ಬೆಚ್ಚಗಿಡುವುದೂ ಹೀಗೆಯೇ ಅಲ್ಲವೇ? ಇಳಿಯುವಾಗ ಈ ಪದರ ಕುಗ್ಗುವುದರಿಂದ ಸಿಲಿಂಡರಿನಿಂದ ಗಾಳಿ ತುಂಬಿಕೊಳ್ಳುತ್ತ ಹೋಗಬೇಕು. ಏರುವಾಗ ಅದು ಹಿಗ್ಗುತ್ತದೆ. ಕವಾಟ ತೆರೆದು ಹೊರಬಿಡದಿದ್ದರೆ ಮುಳುಗುಗಾರ ಕಾಕ್ಸ್ ಎತ್ತಿದ ಹಡಗಿನಂತೆಯೇ ವೇಗವಾಗಿ ಮೇಲಕ್ಕೆ ಚಿಮ್ಮುತ್ತಾನೆ, ಸೋಡಾ ಸೀಸೆಯ ಮುಚ್ಚಳ ಒಮ್ಮೆಲೇ ತೆರೆಯುತ್ತದೆ.

ಸಿಲಿಂಡರಿನ ಬಾಯಲ್ಲಿ ಇನ್ನೊಂದು ಅಪಾಯ ಹೊಂಚು ಹಾಕಿರುತ್ತದೆ. ಭಾರಿ ಒತ್ತಡದ ಗಾಳಿ ರೆಗ್ಯುಲೇಟರಿನಲ್ಲಿ ಥಟ್ಟನೆ ಹಿಗ್ಗುವಾಗ ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ಕವಾಟ ತಣ್ಣಗಾಗುವುದನ್ನು ನೀವು ಮುಟ್ಟಿ ನೋಡಿರಬಹುದು. ಸುತ್ತಲ ನೀರೂ ತಣ್ಣಗಿದ್ದರೆ ತೇವಾಂಶ ಮಂಜುಗಟ್ಟಿ ಕವಾಟ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡು, ಗಾಳಿ ಭೋರೆಂದು ಸುರಿದುಹೋಗಬಹುದು. ತಣ್ಣೀರಿಗೆಂದೇ ರೂಪಿಸಿದ ರೆಗ್ಯುಲೇಟರುಗಳಿವೆ. ಎರಡು ಪ್ರತ್ಯೇಕ ರೆಗ್ಯುಲೇಟರುಗಳನ್ನು ಒಯ್ಯುವುದು ರೂಢಿ.

ಚಳಿ ನೇರವಾಗಿ ಗುಳ್ಳೆಗಳ ಅಪಾಯವನ್ನೂ ಹೆಚ್ಚಿಸುತ್ತದೆ. ಇಳಿದಾಗ ದೇಹ ಬೆಚ್ಚಗಿದ್ದು ರಕ್ತ ಚೆನ್ನಾಗಿ ಹರಿಯುತ್ತದೆ, ನೈಟ್ರೊಜನ್ ಧಾರಾಳವಾಗಿ ಅಂಗಾಂಶ ಸೇರುತ್ತದೆ. ಮೇಲೇರುವ ಹೊತ್ತಿಗೆ ಚಳಿಯಿಂದ ಕೈಕಾಲುಗಳ ರಕ್ತನಾಳಗಳು ಸಂಕುಚಿಸಿ, ಸೇರಿದ ನೈಟ್ರೊಜನ್ ಹೊರಬರಲು ದಾರಿ ಕಿರಿದಾಗುತ್ತದೆ. ದೋಣಿ ಹತ್ತಿದ ಕೂಡಲೇ ಬಿಸಿನೀರಿನ ಸ್ನಾನ ಬೇಡ ಎನ್ನುವುದೂ ಸುಮ್ಮನೆ ಹೇಳುವ ಮಾತಲ್ಲ. ಉಷ್ಣತೆ ಏರಿದಂತೆ ದ್ರವದಲ್ಲಿ ಅನಿಲದ ಕರಗುವಿಕೆ ಕಡಿಮೆಯಾಗುತ್ತದೆ. ಉಳಿದ ನೈಟ್ರೊಜನ್ ಗುಳ್ಳೆಯಾಗಲು ಅಷ್ಟು ಸಾಕು.

ವೇಳಾಪಟ್ಟಿಯನ್ನು ಬರೆಯುವವರು ಯಾರು?

ಕ್ಲಬ್ಬಿನವರ ದಿನಚರಿಯನ್ನು ಈಗ ನೋಡಿ. ಬೆಳಗ್ಗೆ ಆಳದ ಹಡಗು, ಮಧ್ಯಾಹ್ನ ಕಡಿಮೆ ಆಳದ್ದು. ನಡುವೆ ಕೆಲವು ಗಂಟೆಗಳ ವಿಶ್ರಾಂತಿ. ಇಬ್ಬಿಬ್ಬರ ಜೋಡಿ. ಗುಂಪು ಎಷ್ಟೇ ಉತ್ಸಾಹದಲ್ಲಿರಲಿ, ನೆಗಡಿಯಿಂದ ಕಿವಿ ಕಟ್ಟಿದವನು ದೋಣಿಯಲ್ಲೇ ಉಳಿಯುತ್ತಾನೆ. ವಾರದ ಕೊನೆಗೆ ವಿಮಾನ ಹತ್ತುವ ಮುನ್ನ ಸಾಮಾನ್ಯವಾಗಿ ಒಂದು ಇಡೀ ದಿನ ಮುಳುಗುವುದಿಲ್ಲ, ಏಕೆಂದರೆ ಹಾರುವ ವಿಮಾನದೊಳಗಿನ ಒತ್ತಡ ಸಮುದ್ರಮಟ್ಟದ ಸುಮಾರು ಮುಕ್ಕಾಲು ಪಾಲು ಮಾತ್ರ. ದೇಹಕ್ಕೆ ಅದು ಇನ್ನೂ ಒಂದು ಮೇಲೇರುವಿಕೆ. ಈ ವೇಳಾಪಟ್ಟಿಯ ಬಹುಭಾಗವನ್ನು ಬರೆದವರು ಬಾಯ್ಲ್, ಡಾಲ್ಟನ್, ಹೆನ್ರಿ!

ಮನುಷ್ಯರು ಮಾಡಿದ ನಿಯಮಗಳೂ ಇವೆ. ಏಳು ಜರ್ಮನ್ ಹಡಗುಗಳು 2001ರಿಂದ ಸಂರಕ್ಷಿತ ಸ್ಮಾರಕಗಳು. ನೋಡಬಹುದು, ಏನನ್ನೂ ತೆಗೆಯುವಂತಿಲ್ಲ. ಅದೇ ಬಂದರಿನಲ್ಲಿ 1939ರ ಅಕ್ಟೋಬರ್ 14ರಂದು ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ತುತ್ತಾಗಿ ಮುಳುಗಿದ ಬ್ರಿಟನ್ನಿನ 'ರಾಯಲ್ ಓಕ್' ಇದೆ. ಅದರಲ್ಲಿ 830ಕ್ಕೂ ಹೆಚ್ಚು ಜನ ಸತ್ತರು. ಅದು ಯುದ್ಧಸಮಾಧಿಯಾದ್ದರಿಂದ ಹವ್ಯಾಸಿಗಳಿಗೆ ಪ್ರವೇಶವಿಲ್ಲ.

ಶಾಲೆಯಲ್ಲಿ ಮಾಡಿ ನೋಡಿ

1. ಸೂಜಿಯಿಲ್ಲದ ದೊಡ್ಡ ಸಿರಿಂಜಿನೊಳಗೆ ಸ್ವಲ್ಪವೇ ಗಾಳಿ ತುಂಬಿ ಗಂಟು ಹಾಕಿದ ಪುಟ್ಟ ಬಲೂನು ಇಡಿ. ತುದಿಯನ್ನು ಬೆರಳಿನಿಂದ ಮುಚ್ಚಿ ದಂಡವನ್ನು ಒತ್ತಿ, ಆಮೇಲೆ ಹಿಂದಕ್ಕೆಳೆಯಿರಿ. ಬಲೂನು ಕುಗ್ಗಿ ಹಿಗ್ಗುವುದು ಕಾಣುತ್ತದೆ.

2. ಒಂದೇ ಬಗೆಯ ಎರಡು ಸೋಡಾ ಬಾಟಲಿ ತನ್ನಿ. ಒಂದನ್ನು ಥಟ್ಟನೆ, ಇನ್ನೊಂದನ್ನು ಹತ್ತಾರು ಹಂತಗಳಲ್ಲಿ ತೆರೆಯಿರಿ. ಗುಳ್ಳೆಗಳನ್ನು ಹೋಲಿಸಿ.

3. ತಣ್ಣಗಿನ ಸೋಡಾ, ಕೋಣೆಯ ಉಷ್ಣತೆಯ ಸೋಡಾ ಎರಡನ್ನೂ ಒಟ್ಟಿಗೆ ತೆರೆಯಿರಿ. ಯಾವುದರಲ್ಲಿ ಹೆಚ್ಚು ನೊರೆ? ಬಿಸಿನೀರಿನ ಸ್ನಾನ ಏಕೆ ಬೇಡವೆಂದು ವಿದ್ಯಾರ್ಥಿಗಳೇ ಹೇಳಲಿ.

ಮೂರನ್ನೂ ಮಾಡಿದ ಮೇಲೆ ಈ ಪ್ರಶ್ನೆ ಕೇಳಿ: 30 ಮೀಟರ್ ಆಳದಿಂದ ಮೇಲೆ ಬರುವವನು ಅತ್ಯಂತ ನಿಧಾನವಾಗಿ ಚಲಿಸಬೇಕಾದುದು ಯಾವ ಹತ್ತು ಮೀಟರಿನಲ್ಲಿ? ಉತ್ತರ ಮೇಲಿನ ಪಟ್ಟಿಯಲ್ಲೇ ಇದೆ.