ಹರಿವಿಗೆ ಎದುರಾಗಿ ಏರುವ ಜೀವಿಗಳು

ಬನದ ಹುಣ್ಣಿಮೆಯಂದು ಬನಶಂಕರಿಯ ತೇರು ಸಾಗಿದ ಮಾತ್ರಕ್ಕೆ ಜಾತ್ರೆ ಮುಗಿಯುವುದಿಲ್ಲ. ನಾಟಕ ಕಂಪನಿಗಳ ಆಟಗಳು ಮುಂದೆಯೂ ಹಲವು ದಿನ ನಡೆಯುತ್ತವೆ. ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆಯಿಂದ ಬಂದ ಹೆಣ್ಣುಮಕ್ಕಳು ಬೆಳಗಿನವರೆಗೂ ಕುಳಿತು ನೋಡುವುದುಂಟು. ನಡುವೆ ಎದ್ದುಹೋಗಲು ತಕ್ಕ ಮರೆ ಸಿಕ್ಕಲಾರದೆಂದು ಸಂಜೆಯಿಂದಲೇ ನೀರು ಬಿಡುವವರೂ ಅವರಲ್ಲಿದ್ದಾರೆ. ಹೀಗೆ ಹೋಗಿಬಂದವರು ಉರಿಮೂತ್ರದಿಂದ ನರಳಿದ್ದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ಮೈಗೆ ಉಷ್ಣವಾಯಿತೆಂದು ಹಿರಿಯರು ಮಜ್ಜಿಗೆ ಕುಡಿಸಿದರು.

ಉಷ್ಣವೆಂಬುದರ ಹಿಂದೆ ಬಹುಮಟ್ಟಿಗೆ ಇರುವುದು ಒಂದು ಬ್ಯಾಕ್ಟೀರಿಯಾ. ಜರ್ಮನ್ ವೈದ್ಯ ಥಿಯೋಡರ್ ಎಶೆರಿಕ್ 1885ರಲ್ಲಿ ವರ್ಣಿಸಿದ ಈ ಜೀವಿಗೆ ಅವನ ಹೆಸರಿನಿಂದಲೇ ಎಶೆರಿಕಿಯ ಕೋಲೈ ಎಂಬ ನಾಮಕರಣವಾಗಿದೆ. ಉದ್ದ ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲು. ವಾಸ ನಮ್ಮ ಕರುಳಿನಲ್ಲಿ. ಅಲ್ಲಿ ಅದು ಸಾಧುವೇ. ಅಲ್ಲಿಂದ ಹೊರಬಿದ್ದು ಮೂತ್ರದ್ವಾರವನ್ನು ಸೇರಿದರೆ ಸ್ತ್ರೀಯರಲ್ಲಿ ಅದು ಏರಬೇಕಾದ ದಾರಿ ಸುಮಾರು ನಾಲ್ಕು ಸೆಂಟಿಮೀಟರು ಮಾತ್ರ. ಪುರುಷರಲ್ಲಿ ಅದರ ಐದುಪಟ್ಟು.

ಭೌತವಿಜ್ಞಾನ ಬೋಧಿಸುವ ನನಗೆ ಇಲ್ಲೊಂದು ಸಂಶಯ ಬಂದಿತು. ಗುಡಿಯ ಮುಂದಿನ ಹರಿದ್ರಾತೀರ್ಥದಲ್ಲಿ ನೀರು ನಿಂತಿರುತ್ತದೆ. ಮೆಟ್ಟಿಲಿಗೆ ಪಾಚಿ ಹತ್ತುವುದು ಸಹಜ. ಮೂತ್ರಕೋಶವಾದರೋ ದಿನಕ್ಕೆ ಹಲವು ಸಲ ತುಂಬಿ ಬರಿದಾಗುವ ಪಾತ್ರೆ. ಇಷ್ಟು ಹಗುರವಾದ ಜೀವಿ ಏಕೆ ಕೊಚ್ಚಿಹೋಗುವುದಿಲ್ಲ?

ಉತ್ತರವು ಅದರ ಮೈಮೇಲಿನ ಸೂಕ್ಷ್ಮ ರೋಮಗಳಲ್ಲಿದೆ. ರೋಮದ ತುದಿಯ ಒಂದು ಪ್ರೋಟೀನು ಮೂತ್ರಕೋಶದ ಒಳಗೋಡೆಯ ಮೇಲಿರುವ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿಯುತ್ತದೆ. ಎಳೆದಷ್ಟೂ ಹಿಡಿತ ಸಡಿಲವಾಗಬೇಕಲ್ಲವೆ? ಆದರೆ ಅಮೆರಿಕದ ಸಿಯಾಟಲ್ ನಗರದ ಸಂಶೋಧಕರು 2002ರಲ್ಲಿ ಇದಕ್ಕೆ ವಿರುದ್ಧವಾದುದನ್ನು ತೋರಿಸಿದರು: ಪ್ರವಾಹ ಜೋರಾದಾಗ ಹಿಡಿತ ಬಿಗಿಯಾಗುತ್ತದೆ, ನಿಧಾನವಾದಾಗ ಸಡಿಲುತ್ತದೆ. ಬಾವಿಯಲ್ಲಿ ಕೊಡದ ಕೊರಳಿಗೆ ಹಾಕಿದ ಕುಣಿಕೆಯನ್ನು ನೆನೆಯಿರಿ. ಸೇದಿದಷ್ಟೂ ಅದು ಬಿಗಿಯುತ್ತದೆ. ಸಾಲದುದಕ್ಕೆ ಆ ರೋಮವು ಸುರುಳಿ ಸುತ್ತಿದ ತಂತಿಯಂತಿದ್ದು, ಜಗ್ಗಿದಾಗ ಬಿಚ್ಚಿಕೊಂಡು ಪೆಟ್ಟನ್ನು ತಾನೇ ನುಂಗುತ್ತದೆ. ಇಂಥ ಸ್ಪ್ರಿಂಗನ್ನು ನಮ್ಮ ಪ್ರಯೋಗಶಾಲೆಯಲ್ಲಿ ನಾನು ಕಂಡಿಲ್ಲ!

ಅಂಟಿಕೊಂಡ ಮೇಲೆ ಅದು ಜೀವಕೋಶದ ಒಳಕ್ಕೇ ನುಗ್ಗುತ್ತದೆ. ಅಲ್ಲಿ ಒತ್ತೊತ್ತಾಗಿ ವೃದ್ಧಿಹೊಂದಿ ಒಂದು ವಸಾಹತನ್ನೇ ಕಟ್ಟುವುದು 2003ರಲ್ಲಿ ಇಲಿಗಳಲ್ಲಿ ಸ್ಪಷ್ಟವಾಯಿತು. 2007ರಲ್ಲಿ ರೋಗಿಗಳ ಮೂತ್ರದೊಡನೆ ಹೊರಬಿದ್ದ ಜೀವಕೋಶಗಳಲ್ಲಿಯೂ ಅದೇ ಕುರುಹು ಕಂಡಿತು. ಕೋಶ ಒಡೆದಾಗ ಸಂತತಿಯು ಹೊರಬಂದು ನೆರೆಯ ಕೋಶಗಳನ್ನು ಹಿಡಿಯುತ್ತದೆ. ಇಲಿಗಳಲ್ಲಿ ಕೆಲವು ಜೀವಿಗಳು ಒಳಪದರಗಳಲ್ಲಿ ಸುಪ್ತವಾಗಿ ಉಳಿಯುತ್ತವೆ. ಗುಣವಾಯಿತೆಂದುಕೊಂಡ ಬೇನೆ ಮರುಕಳಿಸುವುದಕ್ಕೆ ಇದೂ ಒಂದು ಕಾರಣವಿರಬೇಕು. ಉರಿ ನಿಂತೊಡನೆ ಮಾತ್ರೆಯನ್ನು ತಾವಾಗಿಯೇ ಬಿಟ್ಟುಬಿಡುವವರನ್ನು ಕಂಡರೆ ನನಗೆ ದಿಗಿಲಾಗುವುದು ಇದರಿಂದಲೇ.

ಇನ್ನು ಕೆಲವು ಬಾಲದಂಥ ಕಶಾಂಗಗಳನ್ನು ತಿರುಗಿಸುತ್ತ ಮೂತ್ರನಾಳಗಳಲ್ಲಿ ಈಜಿ ಮೂತ್ರಪಿಂಡಕ್ಕೆ ಏರುತ್ತವೆ. ಅಲ್ಲಿ ಹಿಡಿಯುವ ರೋಮಗಳೇ ಬೇರೆ, ಸಕ್ಕರೆಯೂ ಬೇರೆ. ಚಳಿಜ್ವರ, ವಾಂತಿ, ಪಕ್ಕೆಯ ಹಿಂಭಾಗದಲ್ಲಿ ನೋವು ಕಂಡರೆ ಮಜ್ಜಿಗೆಯನ್ನು ನಂಬಿ ಕೂಡದೆ ಅಂದೇ ವೈದ್ಯರ ಬಳಿಗೆ ಹೋಗಬೇಕು; ಅಲ್ಲಿಂದ ರಕ್ತಕ್ಕೆ ದಾರಿ ದೂರವಿಲ್ಲ. ಗರ್ಭಿಣಿಯರಲ್ಲಂತೂ ಈ ಏರಿಕೆ ಸುಲಭ.

ನೀರಿನ ವಿಷಯದಲ್ಲಿ ಹಿರಿಯರ ಮಾತು ಅರ್ಧ ನಿಜ. ಪದೇ ಪದೇ ಈ ಬೇನೆಗೆ ತುತ್ತಾಗುತ್ತಿದ್ದ, ಕಡಮೆ ನೀರು ಕುಡಿಯುವ ಸ್ತ್ರೀಯರಿಗೆ ದಿನಕ್ಕೆ ಒಂದೂವರೆ ಲೀಟರು ಹೆಚ್ಚಾಗಿ ಕುಡಿಸಿ ವರ್ಷವಿಡೀ ಪರೀಕ್ಷಿಸಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಬೇನೆಯ ಸರದಿಗಳು ಹೆಚ್ಚುಕಡಮೆ ಅರ್ಧಕ್ಕಿಳಿದವು. ಆದರೆ ಕುಡಿದ ನೀರಿಗೆ ಹೊರಹೋಗಲು ಸ್ಥಳವೂ ಬೇಕು. ನಾಟಕದ ಚಪ್ಪರದ ಹಿಂದೆ ಬಾಗಿಲುಳ್ಳ ನಾಲ್ಕು ಮರೆಗಳಿದ್ದರೆ ನಮ್ಮ ಮನೆಯವರು ಸಂಜೆ ನೀರು ಬಿಡುತ್ತಿರಲಿಲ್ಲ.